ಕೀಲು ಹೊಸದು, ತೊಡೆಯ ಸ್ನಾಯು ಹಳೆಯದೇ

ಮಂಡಿ ಆಪರೇಷನ್ ಎಂದು ತೀರ್ಮಾನವಾದ ಮನೆಯಲ್ಲಿ ಮಾತೆಲ್ಲ ಮೂರು ವಿಷಯಗಳ ಸುತ್ತ ನಡೆಯುತ್ತದೆ: ಯಾವ ಆಸ್ಪತ್ರೆ, ಯಾವ ಡಾಕ್ಟರು, ಎಷ್ಟು ಖರ್ಚು. ಈಚೆಗೆ ನಾಲ್ಕನೆಯದೂ ಸೇರಿಕೊಂಡಿದೆ, ರೋಬೋಟ್ ನೆರವಿನಿಂದ ಮಾಡಿಸುವುದೋ ಬೇಡವೋ ಎಂದು. ಆ ಹೊಸ ಕೀಲನ್ನು ನಾಳೆ ಮಡಿಸಿ, ಚಾಚಿ, ಮೈಭಾರ ಹೊರಬೇಕಾದ ತೊಡೆಯ ಸ್ನಾಯು ಯಾವ ಸ್ಥಿತಿಯಲ್ಲಿದೆ ಎಂದು ಕೇಳುವವರು ಕಡಿಮೆ. ಫಿಸಿಯೋಥೆರಪಿ ಎಂದರೆ ಆಸ್ಪತ್ರೆಯವರು ಹೇಳಿದರೆಂದು ನಾಲ್ಕು ದಿನ ಮಾಡಿಸಿ ಬಿಡುವ ಬಾಬತ್ತು ಎಂಬ ಭಾವನೆ ಬಲವಾಗಿದೆ. ಈ ಲೇಖನ ಅದನ್ನು ಒಪ್ಪುವುದಿಲ್ಲ. ಶಸ್ತ್ರಚಿಕಿತ್ಸೆ ನೋವಿನ ಮೂಲವನ್ನು ತೆಗೆಯುತ್ತದೆ. ನಡೆಯುವ ಶಕ್ತಿ ಬರುವುದು ರೋಗಿ ತಾನೇ ತನ್ನ ಸ್ನಾಯುವಿನ ಮೇಲೆ ದಿನದಿನವೂ ಹಾಕುವ ಭಾರದಿಂದ. ಹೀಗೆಂದರೆ ಫಿಸಿಯೋಥೆರಪಿ ಕೇಂದ್ರಗಳ ಪರವಾಗಿ ಮಾತಾಡಿದಂತೆ ಕೇಳಿಸಬಹುದು. ಆದರೆ ಪುರಾವೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಫಿಸಿಯೋಥೆರಪಿ ಎಂಬ ಹೆಸರಿನಲ್ಲೇ ನಡೆಯುವ ಕೆಲವು ಕೆಲಸಗಳಿಗೂ ಪೆಟ್ಟು ಬೀಳುತ್ತದೆ.

ಮೊದಲು ಆಪರೇಷನ್ನಿನಲ್ಲಿ ಆಗುವುದೇನು ಎಂಬುದನ್ನು ನೋಡೋಣ. ತೊಡೆ ಮೂಳೆಯ ಕೆಳತುದಿ ಮತ್ತು ಮೊಳಕಾಲ ಕೆಳಗಿನ ಮೂಳೆಯ ಮೇಲ್ತುದಿಯಿಂದ ಸವೆದ ಭಾಗವನ್ನು ತೆಳುವಾಗಿ ಕತ್ತರಿಸಿ ತೆಗೆದು, ಅಲ್ಲಿ ಲೋಹದ ಕವಚ ಕೂರಿಸಿ, ನಡುವೆ ಗಟ್ಟಿ ಪಾಲಿಥಿಲೀನ್ ಬಿಲ್ಲೆ ಇಡುತ್ತಾರೆ. ಬದಲಾಗುವುದು ಇಷ್ಟೇ. ತೊಡೆಯ ಮುಂಭಾಗದಲ್ಲಿ ಇಳಿದು ಮಂಡಿಚಿಪ್ಪನ್ನು ಹಿಡಿದುಕೊಂಡಿರುವ ಕ್ವಾಡ್ರಿಸೆಪ್ಸ್ ಎಂಬ ದೊಡ್ಡ ಸ್ನಾಯು ಹಳೆಯದೇ. ವರ್ಷಗಟ್ಟಲೆ ನೋವಿನ ಕಾಲನ್ನು ಉಳಿಸಿ ಉಳಿಸಿ ನಡೆದದ್ದರಿಂದ ಅದು ಮೊದಲೇ ಸೊರಗಿರುತ್ತದೆ. ಆಪರೇಷನ್ ಅದನ್ನು ಇನ್ನಷ್ಟು ಕುಗ್ಗಿಸುತ್ತದೆ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಶಸ್ತ್ರಚಿಕಿತ್ಸೆಯಾಗಿ ಸುಮಾರು ಒಂದು ತಿಂಗಳಿಗೆ ಈ ಸ್ನಾಯುವಿನ ಬಲ ಆಪರೇಷನ್ನಿಗೆ ಮುಂಚೆ ಇದ್ದದ್ದಕ್ಕಿಂತ ಶೇಕಡಾ 60ರಷ್ಟು ಕಡಿಮೆಯಾಗಿತ್ತು. ಒಂದೇ ತಿಂಗಳಲ್ಲಿ ಸ್ನಾಯು ಅಷ್ಟು ಕರಗುವುದು ಸಾಧ್ಯವಿಲ್ಲ. ಅವರು ಕಂಡುಕೊಂಡದ್ದೂ ಅದನ್ನೇ: ನಷ್ಟದ ದೊಡ್ಡ ಪಾಲು ಸ್ನಾಯು ಸಣ್ಣಗಾದದ್ದರಿಂದ ಬಂದದ್ದಲ್ಲ, ನರಮಂಡಲ ಅದಕ್ಕೆ ಪೂರ್ತಿ ಆಜ್ಞೆ ಕಳಿಸದೇ ಇದ್ದದ್ದರಿಂದ ಬಂದದ್ದು. ಕೀಲಿನೊಳಗಿನ ಬಾವು ಮತ್ತು ನೋವು ಬೆನ್ನುಹುರಿಯ ಮಟ್ಟದಲ್ಲೇ ಸ್ನಾಯುವಿಗೆ ಹೋಗುವ ಸಂದೇಶವನ್ನು ತಗ್ಗಿಸುತ್ತವೆ. ಬಲ್ಬು ಸರಿಯಿದೆ, ತಂತಿಯೂ ಸರಿಯಿದೆ, ಯಾರೋ ಮೇನ್ ಸ್ವಿಚ್ ಅರ್ಧಕ್ಕೆ ಇಳಿಸಿದಂತೆ. ಆಪರೇಷನ್ ಆದ ಮೊದಲ ದಿನಗಳಲ್ಲಿ ಕಾಲನ್ನು ಹಾಸಿಗೆಯಿಂದ ನೇರ ಎತ್ತಲು ಹೋದರೆ ಅದು ಏಳದೇ ಇರುವುದಕ್ಕೆ ಮುಖ್ಯ ಕಾರಣ ಇದು. ಅರಿವಳಿಕೆಯ ಅಂಗವಾಗಿ ಕೊಟ್ಟ ನರದ ಇಂಜೆಕ್ಷನ್ನಿನ ಪರಿಣಾಮವೂ ಮೊದಲ ಒಂದೆರಡು ದಿನ ಸೇರಿರುತ್ತದೆ. ನರ ತುಂಡಾಗಿರಬಹುದು ಎಂದು ಗಾಬರಿಯಾಗುವ ಕುಟುಂಬಗಳಿಗೆ ಇದನ್ನು ಮೊದಲೇ ಹೇಳಿದ್ದರೆ ಎಷ್ಟೋ ಆತಂಕ ತಪ್ಪುತ್ತದೆ.

ಈ ಕಾರಣವನ್ನು ಹಿಡಿದುಕೊಂಡರೆ ಮುಂದಿನದೆಲ್ಲ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಸ್ನಾಯುವಿಗೆ ಆಜ್ಞೆ ಹೋಗುತ್ತಿಲ್ಲ ಎಂದಾದರೆ, ಅದನ್ನು ಮತ್ತೆ ಎಬ್ಬಿಸುವುದು ಮುಖ್ಯವಾಗಿ ರೋಗಿ ತಾನು ಪ್ರಯತ್ನಪಟ್ಟು ಆಜ್ಞೆ ಕಳಿಸುವ ಕೆಲಸಗಳೇ. ಇನ್ನೊಬ್ಬರು ಅಥವಾ ಯಂತ್ರವೊಂದು ಕಾಲನ್ನು ಮಡಿಸಿದರೆ ಸ್ನಾಯು ಏನನ್ನೂ ಮಾಡಿರುವುದಿಲ್ಲ. ಕಾಲನ್ನು ತೊಟ್ಟಿಲಿನಲ್ಲಿಟ್ಟಂತೆ ಇಟ್ಟು ಗಂಟೆಗಟ್ಟಲೆ ಮಡಿಸಿ ಚಾಚುವ ಸಿಪಿಎಂ ಯಂತ್ರ ಇದಕ್ಕೆ ಒಳ್ಳೆಯ ಉದಾಹರಣೆ. ಕೀಲನ್ನು ಸತತವಾಗಿ ಆಡಿಸುತ್ತಿದ್ದರೆ ಮೃದ್ವಸ್ಥಿ ಬೇಗ ಮಾಯುತ್ತದೆ ಎಂಬ ಟೊರಾಂಟೋದ ಶಸ್ತ್ರವೈದ್ಯ ರಾಬರ್ಟ್ ಸಾಲ್ಟರ್ ಅವರ ಚಿಂತನೆಯಿಂದ ಹುಟ್ಟಿದ ಈ ಯಂತ್ರ ಹಲವು ವರ್ಷ ಮಂಡಿ ಬದಲಿಯ ಬಳಿಕದ ಚಿಕಿತ್ಸೆಯ ಗುರುತೇ ಆಗಿಹೋಗಿತ್ತು. 24 ಪ್ರಯೋಗಗಳನ್ನು ಒಟ್ಟುಗೂಡಿಸಿ 2014ರಲ್ಲಿ ಬಂದ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಕಂಡದ್ದೇನೆಂದರೆ, ಯಂತ್ರ ಬಳಸಿದವರ ಮಂಡಿ ಬಳಸದವರಿಗಿಂತ ಹೆಚ್ಚು ಮಡಿಚಿದ್ದು ಎರಡು ಡಿಗ್ರಿ ಮಾತ್ರ. ನೋವಿನಲ್ಲಿ, ಓಡಾಟದಲ್ಲಿ ಗಣನೀಯ ವ್ಯತ್ಯಾಸ ಇಲ್ಲ. ಅಮೆರಿಕದ ಫಿಸಿಯೋಥೆರಪಿಸ್ಟರ ಸಂಘ 2020ರಲ್ಲಿ ಹೊರತಂದ ಮಾರ್ಗಸೂಚಿ ಸಾಮಾನ್ಯ ಮಂಡಿ ಬದಲಿಗೆ ಈ ಯಂತ್ರ ಬೇಡ ಎಂದೇ ಹೇಳಿತು. ಹಾಗಾಗಿ ಬಾಡಿಗೆಗೆ ತರಿಸಿ ಮನೆಯಲ್ಲೂ ಹಾಕಿಕೊಳ್ಳಿ ಎಂಬ ಸಲಹೆ ಬಂದರೆ, ನನ್ನ ವಿಷಯದಲ್ಲಿ ಇದರಿಂದ ಯಾವ ವಿಶೇಷ ಉಪಯೋಗ ಎಂದು ಡಾಕ್ಟರನ್ನು ಕೇಳುವುದು ತಪ್ಪಲ್ಲ. ಆ ಹಣವನ್ನು ಒಳ್ಳೆಯ ಫಿಸಿಯೋಥೆರಪಿಸ್ಟರ ಎರಡು ಮೂರು ಹೆಚ್ಚುವರಿ ಭೇಟಿಗೆ ಇಟ್ಟುಕೊಳ್ಳುವುದು ಮೇಲು.

ಇನ್ನು ಎಣ್ಣೆ ಹಾಕಿ ತಿಕ್ಕುವ ಅಭ್ಯಾಸ. ಹೊಲಿಗೆ ಮಾಯದ ಕಾಲಿಗೆ, ಅದರಲ್ಲೂ ಮೀನಖಂಡಕ್ಕೆ, ಮೊದಲ ವಾರಗಳಲ್ಲಿ ಮಾಲೀಸು ಮಾಡಿಸುವುದು ನಿಷ್ಪ್ರಯೋಜಕ ಮಾತ್ರವಲ್ಲ, ಅಪಾಯ. ಗಾಯಕ್ಕೆ ಸೋಂಕು ತಗಲುವ ಭಯ ಒಂದು. ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಇದ್ದಲ್ಲಿ ಅದು ಕದಲುವ ಭಯ ಇನ್ನೊಂದು.

ಆಪರೇಷನ್ನಿಗೆ ಮುಂಚಿನ ವ್ಯಾಯಾಮದ ವಿಷಯಕ್ಕೆ ಬಂದರೆ, ಇಲ್ಲಿ ಪುರಾವೆ ನಾವು ಬಯಸಿದಷ್ಟು ಗಟ್ಟಿಯಾಗಿಲ್ಲ ಎಂಬುದನ್ನು ಒಪ್ಪಿಕೊಂಡೇ ಮಾತಾಡಬೇಕು. ಮೊದಲು ತೊಡೆ ಎಷ್ಟು ಬಲವಾಗಿತ್ತೋ ಅದರ ಮೇಲೆ ಒಂದು ವರ್ಷದ ನಂತರದ ಓಡಾಟ ನಿಂತಿರುತ್ತದೆ. ಮೊದಲು ಮಂಡಿ ಎಷ್ಟು ಮಡಿಚುತ್ತಿತ್ತು ಎಂಬುದೇ ನಂತರ ಎಷ್ಟು ಮಡಿಚುತ್ತದೆ ಎಂಬುದರ ಅತ್ಯುತ್ತಮ ಸೂಚನೆ. ಇವೆರಡೂ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡವು. ಆದರೆ ಬಲವಾಗಿದ್ದವರು ಚೆನ್ನಾಗಿ ಚೇತರಿಸಿಕೊಂಡರು ಎಂದಮಾತ್ರಕ್ಕೆ, ದುರ್ಬಲರನ್ನು ಆರು ವಾರ ತರಬೇತಿಗೊಳಿಸಿದರೆ ಅವರೂ ಅಷ್ಟೇ ಚೇತರಿಸಿಕೊಳ್ಳುತ್ತಾರೆ ಎಂದು ಸಾಬೀತಾಗುವುದಿಲ್ಲ. ಹಾಗೆ ತರಬೇತಿ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಸಿಕ್ಕ ಲಾಭ ಸಾಧಾರಣ: ಮೊದಲ ಕೆಲವು ವಾರ ನೋವು ಮತ್ತು ಓಡಾಟದಲ್ಲಿ ಸ್ವಲ್ಪ ಮುಂದೆ, ತಿಂಗಳುಗಳು ಕಳೆದಂತೆ ಅಂತರ ಮಾಯ. ಮೇಲೆ ಹೇಳಿದ ಆಜ್ಞೆ ತಗ್ಗುವ ವಿಚಾರ ನೆನಪಿದ್ದರೆ ಇದರಲ್ಲಿ ಆಶ್ಚರ್ಯವಿಲ್ಲ. ಗಳಿಸಿದ್ದರ ಬಹುಪಾಲನ್ನು ಶಸ್ತ್ರಚಿಕಿತ್ಸೆಯ ಬಾವು ತಾತ್ಕಾಲಿಕವಾಗಿ ಕಸಿದುಕೊಳ್ಳುತ್ತದೆ.

ಹಾಗಿದ್ದರೆ ಮುಂಚಿನ ವ್ಯಾಯಾಮ ಏಕೆ ಮಾಡಬೇಕು? ಒಂದು, ಆ ಮೊದಲ ವಾರಗಳೇ ಅತಿ ಕಷ್ಟದವು. ಬಿದ್ದುಬಿಡುವ ಭಯ, ಶೌಚಕ್ಕೆ ಇನ್ನೊಬ್ಬರ ಆಸರೆ, ರಾತ್ರಿ ನಿದ್ದೆಗೇಡು, ಇವೆಲ್ಲ ಆಗಲೇ ಇರುವುದರಿಂದ ಅಲ್ಲಿ ಸಿಗುವ ಸಣ್ಣ ಲಾಭವೂ ದೊಡ್ಡದು. ಎರಡು, ವ್ಯಾಯಾಮಗಳ ಕಲಿಕೆ. ನೋವು, ಮಂಪರು, ಭಯ ಮೂರೂ ಇರುವಾಗ ಹೊಸ ಚಲನೆ ಕಲಿಯುವುದು ಯಾರಿಗೂ ಕಷ್ಟ. ಮೊದಲೇ ಕಲಿತದ್ದನ್ನು ಮುಂದುವರಿಸುವುದು ಸುಲಭ. ಮೂರನೆಯದನ್ನು ಆಸ್ಪತ್ರೆಗಳು ಅಷ್ಟಾಗಿ ಹೇಳುವುದಿಲ್ಲ. ಡೆನ್ಮಾರ್ಕಿನಲ್ಲಿ ಮಂಡಿ ಬದಲಿಗೆ ಅರ್ಹರೆಂದು ತೀರ್ಮಾನವಾಗಿದ್ದ 100 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿದ ಪ್ರಯೋಗವೊಂದು 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಒಂದು ಗುಂಪಿಗೆ ಶಸ್ತ್ರಚಿಕಿತ್ಸೆ ಮತ್ತು 12 ವಾರಗಳ ವ್ಯಾಯಾಮ, ಆಹಾರ ಸಲಹೆ ಇತ್ಯಾದಿ. ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆಯಿಲ್ಲದೆ ಆ 12 ವಾರ ಮಾತ್ರ. ಒಂದು ವರ್ಷಕ್ಕೆ ಶಸ್ತ್ರಚಿಕಿತ್ಸೆಯ ಗುಂಪಿನವರೇ ಸ್ಪಷ್ಟವಾಗಿ ಮುಂದಿದ್ದರು, ಅದರಲ್ಲಿ ಅನುಮಾನವಿಲ್ಲ. ಗಂಭೀರ ತೊಂದರೆಗಳೂ ಆ ಗುಂಪಿನಲ್ಲೇ ಹೆಚ್ಚಾಗಿದ್ದವು. ಆದರೆ ವ್ಯಾಯಾಮದ ಗುಂಪಿನವರಲ್ಲಿ ವರ್ಷದೊಳಗೆ ಆಪರೇಷನ್ ಬೇಕೇಬೇಕೆಂದು ಹೋದವರು ನಾಲ್ಕರಲ್ಲೊಬ್ಬರು ಮಾತ್ರ. ಉಳಿದವರಲ್ಲಿ ಅನೇಕರಿಗೆ ಸದ್ಯಕ್ಕೆ ಸಾಕು ಎನ್ನುವಷ್ಟು ಸುಧಾರಿಸಿತ್ತು. ಅಂದರೆ ಆಪರೇಷನ್ನಿಗೆಂದು ಮಾಡಿದ ತಯಾರಿಯೇ ಕೆಲವರಿಗೆ ಆಪರೇಷನ್ನನ್ನು ಮುಂದೂಡುವ ಚಿಕಿತ್ಸೆಯಾಗುತ್ತದೆ. ಕೃತಕ ಮಂಡಿಗಳಲ್ಲಿ ಸುಮಾರು ಶೇಕಡಾ 82ರಷ್ಟು 25 ವರ್ಷ ಬಾಳುತ್ತವೆ ಎಂದು 2019ರಲ್ಲಿ ಲ್ಯಾನ್ಸೆಟ್ ವೈದ್ಯ ಪತ್ರಿಕೆಯಲ್ಲಿ ಬಂದ ಲೆಕ್ಕ ಹೇಳುವುದರಿಂದ 65 ದಾಟಿದವರಿಗೆ ಕೀಲು ಸವೆಯುವ ಚಿಂತೆ ಬೇಡ. ಐವತ್ತರ ಆಸುಪಾಸಿನವರಿಗೆ ಮಾತ್ರ ಈ ಮುಂದೂಡಿಕೆ ಬೆಲೆಯುಳ್ಳದ್ದು.

ತಯಾರಿಗೆ ನಾಲ್ಕರಿಂದ ಎಂಟು ವಾರ ಸಿಕ್ಕರೆ ಒಳ್ಳೆಯದು. ಕಾಲು ಚಾಚಿ ಮಲಗಿ, ಮಂಡಿಯ ಹಿಂಭಾಗವನ್ನು ಹಾಸಿಗೆಗೆ ಒತ್ತುತ್ತಾ ತೊಡೆ ಬಿಗಿಮಾಡಿ ಐದು ಸೆಕೆಂಡು ಹಿಡಿಯುವುದು; ಒಂದು ಕಾಲು ಮಡಿಸಿಟ್ಟು ಇನ್ನೊಂದನ್ನು ನೇರವಾಗಿ ಒಂದಡಿ ಎತ್ತಿ ನಿಧಾನ ಇಳಿಸುವುದು; ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮಂಡಿ ಮಡಿಸುವುದು; ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಪ್ರತಿಯೊಂದೂ ಹತ್ತು ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು. ಕೈ ಊರದೆ ಏಳಲಾಗದಿದ್ದರೆ ಕುರ್ಚಿಯ ಮೇಲೊಂದು ದಪ್ಪ ದಿಂಬಿಟ್ಟು ಎತ್ತರಿಸಿಕೊಳ್ಳಿ, ವಾರ ಕಳೆದಂತೆ ದಿಂಬು ತೆಳುವಾಗಲಿ. ಕೈಗಳಿರುವ ಕುರ್ಚಿಯಲ್ಲಿ ಕುಳಿತು ಅಂಗೈ ಊರಿ ಮೈಯನ್ನು ಮೇಲಕ್ಕೆತ್ತುವುದನ್ನೂ ಸೇರಿಸಬೇಕು. ವಾಕರ್ ಹಿಡಿದು ನಡೆಯುವ ಮೊದಲ ವಾರಗಳಲ್ಲಿ ಭಾರ ಹೊರುವುದು ತೋಳುಗಳೇ. ವಾಕರ್‌ನಲ್ಲಿ ನಡೆಯುವುದನ್ನೂ ಮೆಟ್ಟಿಲು ಹತ್ತುವ ಕ್ರಮವನ್ನೂ ಮುಂಚೆಯೇ ಅಭ್ಯಾಸ ಮಾಡಿಕೊಳ್ಳಿ. ಮಧುಮೇಹ ಹತೋಟಿಯಲ್ಲಿಲ್ಲದಿದ್ದರೆ, ರಕ್ತಹೀನತೆ ಇದ್ದರೆ, ಬೀಡಿ ಸಿಗರೇಟು ಬಿಟ್ಟಿಲ್ಲದಿದ್ದರೆ ಗಾಯ ಮಾಯುವುದಕ್ಕೂ ಸೋಂಕಿಗೂ ನೇರ ಸಂಬಂಧವಿರುವುದರಿಂದ ಅವನ್ನು ಸರಿಪಡಿಸುವುದೂ ಈ ವಾರಗಳ ಕೆಲಸವೇ. ತೂಕದ ವಿಷಯದಲ್ಲಿ ಒಂದು ಲೆಕ್ಕ ಉತ್ಸಾಹ ಕೊಡುತ್ತದೆ: ಮಂಡಿ ಸವೆತವಿರುವವರು ಒಂದು ಕಿಲೋ ಇಳಿಸಿದರೆ ನಡೆಯುವಾಗ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ಮನೆಯ ತಯಾರಿಯನ್ನೂ ಆಗಲೇ ಮುಗಿಸಬೇಕು. ಮಹಡಿಯ ಮೇಲೆ ಮಲಗುವವರು ಕೆಳಗೆ ಮಂಚ ಹಾಕಿಸಿಕೊಳ್ಳಲಿ. ಮಂಚ, ಕುರ್ಚಿ ಎರಡೂ ಕೂತಾಗ ಮಂಡಿಗಿಂತ ಸೊಂಟ ತುಸು ಮೇಲಿರುವಷ್ಟು ಎತ್ತರವಿರಲಿ. ಕುಕ್ಕರಗಾಲಲ್ಲಿ ಕೂರುವ ಕಕ್ಕಸು ಮಾತ್ರ ಇರುವ ಮನೆಗಳಲ್ಲಿ ಅದರ ಮೇಲಿಡುವ, ನಡುವೆ ತೂತಿರುವ ಕುರ್ಚಿ ತಂದಿಡಬೇಕು, ಅದು ಜಾರದಂತೆ ಕಾಲುಗಳಿಗೆ ರಬ್ಬರು ಇರಬೇಕು. ಬಚ್ಚಲಿನ ಪಾಚಿ, ನೆಲಕ್ಕೆ ಹಾಸಿದ ಚಾಪೆ, ಎತ್ತರದ ಹೊಸ್ತಿಲು, ಕಾಲಿಗೆ ಅಡ್ಡ ಬರುವ ವೈರು, ಹೆಚ್ಚು ಬೀಳುವುದು ಇಲ್ಲೇ.

ಆಸ್ಪತ್ರೆಯಲ್ಲಿನ ದಿನಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಏಕೆಂದರೆ ಅಲ್ಲಿ ನೋಡಿಕೊಳ್ಳುವವರಿದ್ದಾರೆ. ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ರೂಪಿಸಿದ ತ್ವರಿತ ಚೇತರಿಕೆಯ ಪದ್ಧತಿ ಎಲ್ಲೆಡೆ ಹರಡಿದ ಮೇಲೆ, ಆಪರೇಷನ್ನಿನ ದಿನವೇ ಅಥವಾ ಮರುದಿನವೇ ಎಬ್ಬಿಸಿ ನಿಲ್ಲಿಸಿ ನಾಲ್ಕು ಹೆಜ್ಜೆ ಹಾಕಿಸುವುದು ರೂಢಿಯಾಗಿದೆ. ಇಷ್ಟು ಬೇಗ ಭಾರ ಹಾಕಿದರೆ ಕೀಲು ಅಲುಗಾಡದೇ ಎಂಬ ಭಯ ಸಹಜ. ಸಾಮಾನ್ಯ ಮಂಡಿ ಬದಲಿಯಲ್ಲಿ ಕೂರಿಸಿದ ಕೀಲು ಮೊದಲ ದಿನದಿಂದಲೇ ಮೈಭಾರ ತಡೆಯುತ್ತದೆ. ತಡೆಯದ ಸಂದರ್ಭವಿದ್ದರೆ ಶಸ್ತ್ರವೈದ್ಯರು ಪ್ರತ್ಯೇಕವಾಗಿ ಹೇಳುತ್ತಾರೆ. ಎಚ್ಚರವಿರುವಾಗ ಗಂಟೆಗೊಮ್ಮೆ ಪಾದವನ್ನು ಹಿಂದೆ ಮುಂದೆ ಜೋರಾಗಿ ಆಡಿಸುವುದು ಕಾಲಿನ ರಕ್ತ ಹೆಪ್ಪುಗಟ್ಟದಂತೆ ನೆರವಾಗುತ್ತದೆ. ಮನೆಯವರು ಪ್ರೀತಿಯಿಂದ ಮಾಡುವ ಒಂದು ತಪ್ಪನ್ನು ಇಲ್ಲೇ ತಡೆಯಬೇಕು: ಮಂಡಿಯ ಕೆಳಗೆ ದಿಂಬಿಡುವುದು. ಅದು ಹಿತವಾಗಿರುತ್ತದೆ, ಏಕೆಂದರೆ ಬಾತ ಕೀಲು ಅರೆ ಮಡಿಚಿದ ಭಂಗಿಯನ್ನೇ ಬಯಸುತ್ತದೆ. ಆದರೆ ಹಾಗೆಯೇ ಮಲಗಿದರೆ ಮಂಡಿ ಪೂರ್ತಿ ನೇರವಾಗುವುದನ್ನೇ ಮರೆತು ಜೀವನಪರ್ಯಂತ ಕುಂಟು ನಡಿಗೆ ಉಳಿದುಬಿಡಬಹುದು. ದಿಂಬು ಹಿಮ್ಮಡಿಯ ಕೆಳಗಿರಲಿ, ಮಂಡಿ ತನ್ನ ಭಾರಕ್ಕೆ ತಾನೇ ನೇರವಾಗಲಿ. ಎಷ್ಟು ಮಡಿಚಿತು ಎಂದು ಕೇಳುವವರೇ ಹೆಚ್ಚು. ಎಷ್ಟು ನೇರವಾಯಿತು ಎಂಬುದು ನಡಿಗೆಗೆ ಅದಕ್ಕಿಂತ ಮುಖ್ಯ.

ಮನೆಗೆ ಬಂದ ಮೇಲಿನ ಆರು ವಾರಗಳೇ ನಿಜವಾದ ಕಣ. ಮಡಿಚುವಿಕೆಯ ಗುರಿಯನ್ನು ದಿನನಿತ್ಯದ ಕೆಲಸಗಳ ಲೆಕ್ಕದಲ್ಲಿ ಇಟ್ಟುಕೊಂಡರೆ ಅರ್ಥವಾಗುತ್ತದೆ. ಸಮತಟ್ಟಾದ ನೆಲದಲ್ಲಿ ನಡೆಯಲು ಸುಮಾರು 65 ಡಿಗ್ರಿ, ಮೆಟ್ಟಿಲು ಹತ್ತಿಳಿಯಲು 80ರಿಂದ 100, ತಗ್ಗಿನ ಕುರ್ಚಿಯಿಂದ ಏಳಲು 100ರ ಮೇಲೆ ಬೇಕು. ಮೊದಲ ಎರಡು ಮೂರು ವಾರಗಳಲ್ಲಿ 90 ದಾಟಿ, ಕ್ರಮೇಣ 110ರಿಂದ 120ಕ್ಕೆ ತಲುಪುವುದು ಬಹುಮಂದಿಯ ಹಾದಿ. ಆರರಿಂದ ಹನ್ನೆರಡು ವಾರವಾದರೂ 90 ದಾಟದಿದ್ದರೆ ಕಾಯುತ್ತಾ ಕೂರದೆ ಶಸ್ತ್ರವೈದ್ಯರನ್ನು ಕಾಣಬೇಕು. ಅರಿವಳಿಕೆ ಕೊಟ್ಟು ಕೀಲನ್ನು ಮಡಿಸಿ ಸಡಿಲಿಸುವ ಉಪಾಯ ಆ ಅವಧಿಯಲ್ಲಿ ಫಲಿಸಿದಂತೆ ತಡವಾದರೆ ಫಲಿಸುವುದಿಲ್ಲ. ಊರುಗೋಲನ್ನು ಆಪರೇಷನ್ ಆದ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು, ನೋವಿನ ಬದಿಯಲ್ಲಿ ಅಲ್ಲ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ವೈದ್ಯರು ಬರೆದ ನೋವಿನ ಮಾತ್ರೆಯನ್ನು ವ್ಯಾಯಾಮಕ್ಕೆ ಮುಕ್ಕಾಲು ಗಂಟೆ ಮೊದಲು ಬರುವಂತೆ ಹೊಂದಿಸಿಕೊಂಡರೆ ಕೆಲಸ ಸಲೀಸು. ಮಾತ್ರೆ ತಿನ್ನದೆ ತಡೆದುಕೊಂಡು, ಆ ನೋವಿಗೆ ಹೆದರಿ ವ್ಯಾಯಾಮ ಬಿಡುವುದರಲ್ಲಿ ಯಾವ ಶೂರತನವೂ ಇಲ್ಲ.

ನೋವಾದರೂ ಮಾಡಲೇಬೇಕೆ ಎಂಬ ಪ್ರಶ್ನೆಗೆ ಉತ್ತರ ನೋವಿನಲ್ಲಿಲ್ಲ, ಬಾವಿನಲ್ಲಿದೆ. ವ್ಯಾಯಾಮ ಮಾಡುವಾಗ ನೋವು ಏರುವುದು ಸಹಜ; ಒಂದೆರಡು ಗಂಟೆಯಲ್ಲಿ ಮೊದಲಿನ ಮಟ್ಟಕ್ಕೆ ಇಳಿದರೆ ಪ್ರಮಾಣ ಸರಿಯಾಗಿದೆ. ಮರುದಿನ ಬೆಳಿಗ್ಗೆ ಮಂಡಿ ಹೆಚ್ಚು ಊದಿ ಬಿಸಿಯಾಗಿದ್ದರೆ ಹಿಂದಿನ ದಿನ ಅತಿಯಾಗಿದೆ ಎಂದರ್ಥ. ಬಾವು ಹೆಚ್ಚಿದಷ್ಟೂ ಸ್ನಾಯುವಿಗೆ ಆಜ್ಞೆ ಕಡಿಮೆ ಹೋಗುವುದರಿಂದ, ಅತಿಯಾಗಿ ದಂಡಿಸಿಕೊಂಡವರು ಪ್ರಗತಿಯನ್ನೇ ಕಳೆದುಕೊಳ್ಳುತ್ತಾರೆ. ನಾಲ್ಕು ಜನ ಹಿಡಿದು ಮಂಡಿಯನ್ನು ಬಲವಂತವಾಗಿ ಮಡಿಸುವ, ರೋಗಿ ಕಿರುಚುವ ಬಗೆಯ ಚಿಕಿತ್ಸೆ ಇಂದಿಗೂ ಕೆಲವೆಡೆ ನಡೆಯುತ್ತದೆ. ಅದು ಮಂಡಿಗಿಂತ ಹೆಚ್ಚಾಗಿ ಭಯವನ್ನು ಬೆಳೆಸುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ಇಪ್ಪತ್ತು ನಿಮಿಷ ಇಡುವುದು, ಮಧ್ಯಾಹ್ನ ಕಾಲನ್ನು ಎದೆಮಟ್ಟಕ್ಕಿಂತ ಮೇಲಿಟ್ಟು ಮಲಗುವುದು, ವ್ಯಾಯಾಮವನ್ನು ಒಂದೇ ಸಲ ಒಂದು ಗಂಟೆ ಮಾಡದೆ ಹೊತ್ತುಹೊತ್ತಿಗೆ ಹಂಚುವುದು, ಇವು ಬಾವನ್ನು ಹತೋಟಿಯಲ್ಲಿಡುವ ಸರಳ ದಾರಿಗಳು.

ಈಗ ನನ್ನ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ. ಸಿಡ್ನಿಯಲ್ಲಿ ನಡೆದು 2017ರಲ್ಲಿ ಅಮೆರಿಕದ ಜಾಮಾ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ, ಹತ್ತು ದಿನ ಒಳರೋಗಿಯಾಗಿ ಪುನಶ್ಚೇತನ ಚಿಕಿತ್ಸೆ ಪಡೆದವರಿಗೂ ನೇರ ಮನೆಗೆ ಹೋಗಿ ಅಲ್ಲಿನ ಕಾರ್ಯಕ್ರಮ ಅನುಸರಿಸಿದವರಿಗೂ 26 ವಾರಗಳ ಬಳಿಕ ಆರು ನಿಮಿಷದಲ್ಲಿ ನಡೆಯುವ ದೂರದಲ್ಲಿ ವ್ಯತ್ಯಾಸ ಕಾಣಲಿಲ್ಲ. ಬ್ರಿಟನ್ನಿನಲ್ಲಿ ಚೇತರಿಕೆ ಹಿಂದುಳಿಯಬಹುದೆಂದು ಗುರುತಿಸಿದವರನ್ನೇ ಆರಿಸಿಕೊಂಡು ನಡೆಸಿದ, 2020ರಲ್ಲಿ ಬಿಎಂಜೆ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಥೆರಪಿಸ್ಟರ ಎದುರು ಮಾಡಿದ ವ್ಯಾಯಾಮ, ಮನೆಯಲ್ಲಿ ಮಾಡಿದ ವ್ಯಾಯಾಮ ಎರಡೂ ವರ್ಷದ ಕೊನೆಗೆ ಒಂದೇ ಫಲ ಕೊಟ್ಟವು. ಅದೇ ವರ್ಷ ಅಮೆರಿಕದ ಇನ್ನೊಂದು ಪ್ರಯೋಗ ಪರದೆಯ ಮೂಲಕ ದೂರದಿಂದಲೇ ನೀಡಿದ ಫಿಸಿಯೋಥೆರಪಿ ಎದುರಾಬದುರಾಗಿ ನೀಡಿದ್ದಕ್ಕೆ ಸಾಟಿಯಾಗಿತ್ತು, ಖರ್ಚೂ ಕಡಿಮೆಯಾಗಿತ್ತು ಎಂದು ತೋರಿಸಿತು. ಹಾಗಾದರೆ ಫಿಸಿಯೋಥೆರಪಿಯೇ ಬೇಡ, ಮನೆಯಲ್ಲಿ ಓಡಾಡಿಕೊಂಡಿದ್ದರೆ ಸಾಕು ಎನ್ನಬಹುದಲ್ಲ? ಈ ಪ್ರಯೋಗಗಳನ್ನು ಹಾಗೆ ಓದುವುದು ಅವಸರ. ಅವುಗಳಲ್ಲಿ ಯಾವ ಗುಂಪೂ ಸುಮ್ಮನೆ ಕುಳಿತಿರಲಿಲ್ಲ. ಮನೆಯ ಗುಂಪಿನವರಿಗೂ ಬರೆದುಕೊಟ್ಟ ಕಾರ್ಯಕ್ರಮವಿತ್ತು, ಪರಿಶೀಲನೆಯಿತ್ತು, ತಾವೇ ದುಡಿದಿದ್ದರು. ಸೋತದ್ದು ಜಾಗದ ಮಹಿಮೆ, ಗೆದ್ದದ್ದು ರೋಗಿ ತಾನೇ ಮಾಡಿದ ವ್ಯಾಯಾಮ. ಸಿಪಿಎಂ ಯಂತ್ರ ಏಕೆ ಫಲಿಸಲಿಲ್ಲವೋ ಮನೆ ಏಕೆ ಫಲಿಸಿತೋ ಎರಡಕ್ಕೂ ಕಾರಣ ಒಂದೇ.

ಇದು ನಮ್ಮ ಹಳ್ಳಿಗಳಿಗೂ ಸಣ್ಣ ಊರುಗಳಿಗೂ ಒಳ್ಳೆಯ ಸುದ್ದಿ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಆಪರೇಷನ್ ಮಾಡಿಸಿಕೊಂಡು ನೂರಾರು ಕಿಲೋಮೀಟರ್ ದೂರದ ಊರಿಗೆ ಮರಳುವವರು, ಅಲ್ಲಿ ಫಿಸಿಯೋಥೆರಪಿಸ್ಟ್ ಇಲ್ಲವೆಂದು ಕೈಚೆಲ್ಲಬೇಕಿಲ್ಲ. ಆಸ್ಪತ್ರೆಯಿಂದ ಹೊರಡುವ ಮುನ್ನ ಮೊದಲ ಎರಡು ವಾರ, ನಂತರದ ನಾಲ್ಕು ವಾರ, ಆಮೇಲಿನ ತಿಂಗಳುಗಳಿಗೆ ಬೇರೆ ಬೇರೆಯಾಗಿ ವ್ಯಾಯಾಮ ಬರೆಸಿಕೊಳ್ಳಿ. ಥೆರಪಿಸ್ಟ್ ಒಪ್ಪಿದರೆ ರೋಗಿ ಮಾಡುವುದನ್ನು ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಳ್ಳಿ. ವಾರಕ್ಕೊಮ್ಮೆ ವಿಡಿಯೋ ಕರೆಯಲ್ಲಿ ನೋಡುತ್ತಾರೆಯೇ ಎಂದು ಕೇಳಿ. ಆದರೆ ಮನೆಯೇ ಸಾಕು ಎಂಬ ಮಾತು ಎಲ್ಲರಿಗೂ ಸಲ್ಲುವುದಿಲ್ಲ. ಒಂಟಿಯಾಗಿ ಇರುವವರು, ಮರೆವಿನ ತೊಂದರೆಯವರು, ಪಾರ್ಕಿನ್ಸನ್ ಅಥವಾ ಲಕ್ವ ಹೊಡೆದ ಹಿನ್ನೆಲೆಯವರು, ಮಂಡಿ ಬಿಗಿಯುತ್ತಾ ಹೋಗುತ್ತಿರುವವರು, ಬಿದ್ದೇನೆಂಬ ಭಯದಿಂದ ಏಳಲೊಲ್ಲದವರು, ಇವರಿಗೆ ಎದುರಿಗೆ ನಿಂತು ಮಾಡಿಸುವವರು ಬೇಕೇಬೇಕು. ಮನೆಗೆ ಬರುವವರು ಫಿಸಿಯೋಥೆರಪಿ ಪದವಿ ಪಡೆದವರೇ ಎಂದು ವಿಚಾರಿಸಿಕೊಳ್ಳಿ. 2021ರಲ್ಲಿ ಬಂದ ಆರೋಗ್ಯಸಂಬಂಧಿ ವೃತ್ತಿಗಳ ಕೇಂದ್ರ ಕಾಯ್ದೆಯ ವ್ಯಾಪ್ತಿಗೆ ಈ ವೃತ್ತಿಯೂ ಸೇರಿದೆ.

ಹೆಚ್ಚಿನವರು ಸೋಲುವ ಘಟ್ಟ ಆರನೆಯ ವಾರದ ನಂತರ ಬರುತ್ತದೆ. ಅಷ್ಟರಲ್ಲಿ ನೋವು ಬಹಳಷ್ಟು ಇಳಿದಿರುತ್ತದೆ, ಮಂಡಿ ಮಡಿಚುತ್ತದೆ, ದೇವಸ್ಥಾನಕ್ಕೆ ಮಾರುಕಟ್ಟೆಗೆ ಹೋಗಿ ಬರುತ್ತಾರೆ, ವ್ಯಾಯಾಮದ ಚೀಟಿ ಎಲ್ಲೋ ಸೇರಿರುತ್ತದೆ. ದಿನಾ ನಡೆಯುತ್ತೇವಲ್ಲ, ಅದೇ ವ್ಯಾಯಾಮ ಎನ್ನುವ ಮಾತು ಆಗ ಕೇಳುತ್ತದೆ. ನಡಿಗೆ ಒಳ್ಳೆಯದೇ, ಆದರೆ ದೇಹ ಬುದ್ಧಿವಂತ: ದುರ್ಬಲ ತೊಡೆಯನ್ನು ಬಳಸದೆ ಸೊಂಟ ಮತ್ತು ಇನ್ನೊಂದು ಕಾಲಿನ ಮೇಲೆ ಭಾರ ಹಾಕಿ ನಡೆದುಬಿಡುತ್ತದೆ. ಕಿಲೋಮೀಟರ್‌ಗಟ್ಟಲೆ ನಡೆದರೂ ಕ್ವಾಡ್ರಿಸೆಪ್ಸ್ ಹಾಗೆಯೇ ಉಳಿಯಬಹುದು. ಈ ಹಂತದಲ್ಲಿ ಬೇಕಾದದ್ದು ಏರುತ್ತಾ ಹೋಗುವ ಭಾರ. ನಾನು ಮೇಲೆ ಹೇಳಿದ 2020ರ ಮಾರ್ಗಸೂಚಿಯೂ ಚೇತರಿಕೆಯ ಆರಂಭದಲ್ಲೇ ತೀವ್ರವಾದ ಬಲವರ್ಧನೆಯ ವ್ಯಾಯಾಮ ಬೇಕೆನ್ನುತ್ತದೆ. ಆರಂಗುಲದ ಮೆಟ್ಟಿಲ ಮೇಲೆ ಆಪರೇಷನ್ ಆದ ಕಾಲನ್ನಿಟ್ಟು ಅದರ ಬಲದಿಂದಲೇ ಏರುವುದು, ಗೋಡೆಗೆ ಬೆನ್ನೊರಗಿಸಿ ಅರ್ಧ ಕೂರುವುದು, ಹಿಮ್ಮಡಿಯ ಮೇಲೆ ಮರಳಿನ ಚೀಲ ಕಟ್ಟಿ ಕುರ್ಚಿಯಲ್ಲಿ ಕುಳಿತು ಕಾಲು ಚಾಚುವುದು, ಆಸರೆಯ ಪಕ್ಕ ಒಂಟಿಕಾಲಲ್ಲಿ ನಿಲ್ಲುವುದು. ಹತ್ತು ಸಲ ಸುಲಭವಾಗಿ ಮಾಡಬಲ್ಲಿರೆಂದರೆ ಭಾರ ಹೆಚ್ಚಿಸುವ ಹೊತ್ತು ಬಂದಿದೆ. ವಾರಕ್ಕೆ ಮೂರು ದಿನ ಮಾಡಿದರೂ ಸರಿ, ಮೂರರಿಂದ ಆರು ತಿಂಗಳು ನಡೆಯಬೇಕು. ಪ್ರಗತಿ ಅಳೆಯಲು ಯಂತ್ರ ಬೇಡ: ಕೈ ಕಟ್ಟಿಕೊಂಡು ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಏಳಬಲ್ಲಿರೆಂದು ತಿಂಗಳಿಗೊಮ್ಮೆ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಕರೆಂಟ್ ಕೊಡಿಸಿಕೊಂಡರೆ ಹೇಗೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಇದರಲ್ಲಿ ಎರಡು ಬಗೆಯಿವೆ, ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ನೋವು ಮರೆಸಲು ಜುಮ್ಮೆನ್ನುವಂತೆ ಕೊಡುವುದು ಒಂದು. ತೊಡೆಯ ಸ್ನಾಯು ಕಣ್ಣಿಗೆ ಕಾಣುವಂತೆ ಬಿಗಿಯಾಗುವಷ್ಟು ಜೋರಾಗಿ ಕೊಡುವುದು ಇನ್ನೊಂದು. ಮೊದಲ ವಾರಗಳಲ್ಲಿ ಎರಡನೆಯದಕ್ಕೆ ಒಳ್ಳೆಯ ಪುರಾವೆಯಿದೆ, ಏಕೆಂದರೆ ಅದು ನರಮಂಡಲ ತಡೆಹಿಡಿದ ಆಜ್ಞೆಯನ್ನು ಹೊರಗಿನಿಂದ ಕೊಡುತ್ತದೆ. ಅದೂ ರೋಗಿ ತಾನೂ ಬಿಗಿಮಾಡುತ್ತಾ ಸೇರಿದಾಗಲೇ ಹೆಚ್ಚು ಫಲ.

ನೆಲದ ಮೇಲೆ ಕೂರಬಹುದೇ ಎಂಬುದು ನಮ್ಮ ರೋಗಿಗಳ ಮೊದಲ ಪ್ರಶ್ನೆಗಳಲ್ಲೊಂದು. ಚಕ್ಕಳಮಕ್ಕಳ ಹಾಕಲು, ಕುಕ್ಕರಗಾಲಲ್ಲಿ ಕೂರಲು 120 ಡಿಗ್ರಿಗೂ ಮೀರಿ ಮಡಿಚಬೇಕು. ಹೆಚ್ಚಿನ ಕೃತಕ ಮಂಡಿಗಳು ನಿಲ್ಲುವುದೇ ಅಲ್ಲಿ. ಮೊದಲಿನಿಂದ ಚೆನ್ನಾಗಿ ಮಡಿಚುತ್ತಿದ್ದವರಲ್ಲಿ ಕೆಲವರಿಗೆ ಸಾಧ್ಯವಾಗುತ್ತದೆ, ಆದರೆ ದಿನವೂ ಹಾಗೆ ಕೂರುವುದನ್ನು ಶಸ್ತ್ರವೈದ್ಯರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಪೂಜೆಗೆ, ಊಟಕ್ಕೆ ಕುರ್ಚಿ ಮೇಜಿಗೆ ಹೊಂದಿಕೊಳ್ಳುವುದನ್ನು ಆಪರೇಷನ್ನಿಗೆ ಮುಂಚೆಯೇ ಮನಸ್ಸಿಗೆ ತಂದುಕೊಳ್ಳಬೇಕು. ಮಂಡಿ ಬದಲಿಸಿಕೊಂಡವರಲ್ಲಿ ಐವರಲ್ಲೊಬ್ಬರು ತೃಪ್ತರಾಗಿರುವುದಿಲ್ಲ ಎಂದು ವಿದೇಶದ ಅಧ್ಯಯನಗಳು ಹೇಳುತ್ತವೆ. ಅವರ ಅತೃಪ್ತಿಗೆ ಉಳಿದ ನೋವಿನಷ್ಟೇ ಈಡೇರದ ನಿರೀಕ್ಷೆಯೂ ಕಾರಣ. ನೆಲದಿಂದ ಏಳುವುದನ್ನು ಮಾತ್ರ ಥೆರಪಿಸ್ಟರಿಂದ ಕಲಿತಿರಬೇಕು, ಬಿದ್ದಾಗ ಬೇಕಾಗುತ್ತದೆ. ಸೊಂಟದ ಕೀಲು ಬದಲಿಸಿಕೊಂಡವರ ಕಥೆ ಬೇರೆ: ಅವರಿಗೆ ಚೇತರಿಕೆ ಮಂಡಿಯವರಿಗಿಂತ ಸಲೀಸು, ಆದರೆ ಹಿಂಬದಿಯಿಂದ ಆಪರೇಷನ್ ಆಗಿದ್ದರೆ ಮೊದಲ ವಾರಗಳಲ್ಲಿ ಕೀಲು ಜಾರದಂತೆ ಸೊಂಟವನ್ನು 90 ಡಿಗ್ರಿ ಮೀರಿ ಬಗ್ಗಿಸುವುದು, ಕಾಲ ಮೇಲೆ ಕಾಲು ಹಾಕುವುದು, ಪಾದವನ್ನು ಒಳಮುಖ ತಿರುಗಿಸುವುದು ಬೇಡವೆನ್ನುತ್ತಾರೆ. ಎಷ್ಟು ದಿನ ಎಂಬುದನ್ನು ಅವರವರ ಶಸ್ತ್ರವೈದ್ಯರೇ ಹೇಳಬೇಕು.

ವ್ಯಾಯಾಮ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳನ್ನು ಮನೆಯವರೆಲ್ಲ ತಿಳಿದಿರಲಿ: ಮೀನಖಂಡ ಇದ್ದಕ್ಕಿದ್ದಂತೆ ಊದಿ ಗಟ್ಟಿಯಾಗಿ ನೋಯುವುದು, ಹಠಾತ್ ಉಸಿರುಗಟ್ಟುವಿಕೆ ಅಥವಾ ಎದೆನೋವು, ಗಾಯದಿಂದ ಕೀವು ಒಸರುವುದು, ಕೆಂಪು ಹರಡುವುದರ ಜೊತೆ ಚಳಿಜ್ವರ, ಬಿದ್ದ ಮೇಲೆ ಕಾಲೂರಲು ಆಗದಿರುವುದು.

ಹಣದ ಮಾತು ಉಳಿಯಿತು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರದ ಔಷಧ ಬೆಲೆ ಪ್ರಾಧಿಕಾರ ಕೃತಕ ಮಂಡಿಗಳ ಬೆಲೆಗೆ ಮಿತಿ ಹಾಕಿ, ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಕೀಲನ್ನು ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಸಿತು. ಕೀಲಿನ ಬೆಲೆಗೆ ಹೀಗೆ ಮಿತಿ ಬಂತು, ಆಮೇಲಿನ ತಿಂಗಳುಗಳ ಚಿಕಿತ್ಸೆ ಮಾತ್ರ ಬಹುಪಾಲು ಆಸ್ಪತ್ರೆಗಳ ಪ್ಯಾಕೇಜಿನ ಹೊರಗೇ ಉಳಿಯಿತು. ಪ್ಯಾಕೇಜಿನಲ್ಲಿ ಫಿಸಿಯೋಥೆರಪಿಯ ಎಷ್ಟು ಭೇಟಿಗಳು ಸೇರಿವೆ, ಮನೆಗೆ ಬಂದರೆ ಎಷ್ಟು ಎಂದು ದಾಖಲಾಗುವ ಮೊದಲೇ ಬರಹದಲ್ಲಿ ಪಡೆಯಿರಿ. ವಿಮೆಯಲ್ಲಿ ಆಸ್ಪತ್ರೆಗೆ ಸೇರುವ ಮುಂಚಿನ ಮತ್ತು ನಂತರದ ಖರ್ಚಿಗೆ ನಿರ್ದಿಷ್ಟ ದಿನಗಳ ಮಿತಿಯಿರುತ್ತದೆ. ಉದಾಹರಣೆಗೆ, ಆರೋಗ್ಯ ಸಂಜೀವಿನಿ ಎಂಬ ವಿಮಾ ಪಾಲಿಸಿಯಲ್ಲಿ ಅದು ಕ್ರಮವಾಗಿ 30 ಮತ್ತು 60 ದಿನ. ಆ ಅವಧಿಯೊಳಗಿನ ಫಿಸಿಯೋಥೆರಪಿ ಸಿಗಬೇಕೆಂದರೆ ಡಾಕ್ಟರ ಚೀಟಿ, ಥೆರಪಿಸ್ಟರ ಸಹಿಯುಳ್ಳ ಬಿಲ್ಲು ಬೇಕಾಗುತ್ತದೆ. ಮನೆಯ ಖರ್ಚಿನ ಲೆಕ್ಕ ಹಾಕುವಾಗ ಆಪರೇಷನ್ನಿನ ಜೊತೆ ಮೂರು ತಿಂಗಳ ವ್ಯಾಯಾಮದ ಬಾಬತ್ತನ್ನೂ ಬರೆದಿಡಿ.

ಭಾರತದಲ್ಲಿ ಎರಡೂ ಮಂಡಿಗಳನ್ನು ಒಂದೇ ಸಲ ಬದಲಿಸಿಕೊಳ್ಳುವವರು ಬಹಳ. ಒಂದೇ ಅರಿವಳಿಕೆ, ಒಂದೇ ಸಲದ ರಜೆ, ಒಂದೇ ಖರ್ಚು ಎಂಬ ತರ್ಕ ಅರ್ಥವಾಗುವಂಥದ್ದೇ, ಹೃದಯ ಶ್ವಾಸಕೋಶ ಗಟ್ಟಿಯಾಗಿರುವವರಿಗೆ ವೈದ್ಯರು ಒಪ್ಪುವುದೂ ಉಂಟು. ಆದರೆ ಮೊದಲ ವಾರಗಳಲ್ಲಿ ಅವರಿಗೆ ನೆಚ್ಚಿಕೊಳ್ಳಲು ಒಳ್ಳೆಯ ಕಾಲೇ ಇರುವುದಿಲ್ಲ. ಇಂಥವರು ಮುಂಚಿನ ತಯಾರಿಯನ್ನು, ಅದರಲ್ಲೂ ತೋಳಿನ ಬಲವನ್ನು, ಬಿಡುವಂತಿಲ್ಲ. ಒಂದೊಂದಾಗಿ ಮಾಡಿಸಿಕೊಳ್ಳುವವರು ಎರಡನೆಯದರ ದಿನಾಂಕವನ್ನು ಕ್ಯಾಲೆಂಡರ್ ನೋಡಿ ಗೊತ್ತುಮಾಡುತ್ತಾರೆ. ಅದಕ್ಕಿಂತ ಮೊದಲ ಕಾಲನ್ನು ನೋಡುವುದು ಲೇಸು: ಆ ಕಾಲೊಂದರ ಬಲದಿಂದಲೇ ಮೆಟ್ಟಿಲು ಏರಲು ಬಂದರೆ ಅದು ಮುಂದಿನ ಆಪರೇಷನ್ನಿನ ದಿನಗಳಲ್ಲಿ ಮೈಭಾರ ಹೊರಬಲ್ಲದು. ಬರದಿದ್ದರೆ ಡಾಕ್ಟರಲ್ಲಿ ಇನ್ನೊಂದೆರಡು ತಿಂಗಳು ಸಮಯ ಕೇಳಿ.